ಹೂಂ ಅಂದರೆ ಉತ್ತರವಲ್ಲ

ಮಾರ್ಚ್ 4

ತಮ್ಮಾ,

ನಿನ್ನ ತರಬೇತಿ ಕೇಂದ್ರದಿಂದ ವಾಪಸು ಬಂದ ಪಾರ್ಸೆಲ್ಲನ್ನು ಇವತ್ತು ಬೆಳಿಗ್ಗೆ ಬಿಚ್ಚಿದೆ. ಬಿಚ್ಚಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತುಬಿಟ್ಟೆ. ಪಕ್ಕದ ಮೇಜಿನವರು, "ಯಾಕ್ರೀ, ಮನೇಲಿ ಎಲ್ಲಾ ಸರಿಯಾಗಿದೆ ತಾನೆ?" ಅಂತ ಕೇಳಿದರು. ಎಲ್ಲಾ ಸರಿಯಾಗಿದೆ, ನನ್ನ ತಮ್ಮನ ಕೈಗೆ ಗೋಂದಿನ ಬಾಟಲಿ ಸಿಕ್ಕಿದೆ ಅಷ್ಟೇ ಅಂದೆ.

ಒಂದೇ ಪುಸ್ತಕದಲ್ಲಿ ಮೂವತ್ತೆಂಟು ಚೀಟಿ ಕಣೋ! ಕೆಲವು ಟೈಪ್ ಮಾಡಿದ್ದು, ಕೆಲವು ಕೈಯಲ್ಲಿ ಬರೆದದ್ದು, ಒಂದಂತೂ ಔಷಧಿ ಡಬ್ಬಿಯ ರಟ್ಟಿನ ಹಿಂಬದಿ. ಪುಸ್ತಕ ಮುಚ್ಚಿದರೆ ಮುಚ್ಚಿಕೊಳ್ಳುವುದಿಲ್ಲ, ಹೊಟ್ಟೆ ಉಬ್ಬರಿಸಿದವರ ಹಾಗೆ ಎದ್ದು ನಿಲ್ಲುತ್ತದೆ. ಫೋನ್ ಮಾಡಿ ಬೈಯೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ಎರಡನೆಯ ನಿಮಿಷಕ್ಕೆ ನಮ್ಮಿಬ್ಬರ ಜಗಳ ಶುರುವಾಗುತ್ತದೆ, ಮೂರನೆಯ ನಿಮಿಷಕ್ಕೆ ನೀನು ಇಟ್ಟುಬಿಡುತ್ತೀಯ. ಪುಸ್ತಕದ ಕಟ್ಟುಗಳು ಹೇಗಿದ್ದರೂ ನಿನ್ನಲ್ಲಿಗೆ ಬರುತ್ತಿರುತ್ತವೆ. ಅದರೊಳಗೇ ಕಾಗದ ಇಡುತ್ತೇನೆ. ಕಾಗದವನ್ನು ಅರ್ಧಕ್ಕೆ ಕತ್ತರಿಸಲು ನಿನಗಾಗುವುದಿಲ್ಲ.

ಈಗ ಕೇಳು. ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಯಾಕೆಂದರೆ ನಾನು ಹೇಳಿದ್ದು ನಿನ್ನ ತಲೆಗೆ ಹೋದದ್ದಕ್ಕೆ ದಾಖಲೆಯಿಲ್ಲ. ನಮ್ಮ ಕಂಪನಿಯ ತರಬೇತಿಗೆ ಏಳು ಕೈಪಿಡಿ. ಲಿಫ್ಟ್ ಕೂರಿಸುವವರಿಗೊಂದು, ರಿಪೇರಿಯವರಿಗೊಂದು, ಹಳೆಯ ಯಂತ್ರಗಳಿಗೇ ಒಂದು, ಕಟ್ಟಡ ಕಾಯುವವರಿಗೊಂದು, ಹೀಗೆ. ಏಳರಲ್ಲೂ ಒಂದು ಅಧ್ಯಾಯ ಬಂದೇ ಬರುತ್ತದೆ: ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಇಳಿಸುವುದು. ಒಂದೇ ಕೆಲಸ, ಒಂದೇ ಅಧ್ಯಾಯ. ಆದರೆ ಇಷ್ಟು ವರ್ಷ ಒಬ್ಬೊಬ್ಬರು ಒಂದೊಂದು ಪುಸ್ತಕದಲ್ಲಿ ತಿದ್ದುತ್ತಾ ಹೋಗಿ, ಈಗ ಅದು ಏಳು ಥರ ಆಗಿದೆ. ಒಂದು ಪುಸ್ತಕದಲ್ಲಿ ಒಂಬತ್ತು ಹಂತ, ಇನ್ನೊಂದರಲ್ಲಿ ಹದಿಮೂರು. ಇದರ ಮೇಲೆ ನಿನ್ನ ಚೀಟಿಗಳು ಬೇರೆ.

ಏಳನ್ನೂ ಸೇರಿಸಿ ಒಂದೇ ಮೂಲಪ್ರತಿ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಅದು ಕಂಪ್ಯೂಟರಿನಲ್ಲಿ ಒಂದೇ ಕಡೆ ಇರುತ್ತದೆ. ಅಲ್ಲಿ ಒಂದು ಪದ ಬದಲಿಸಿದರೆ ಏಳು ಪುಸ್ತಕದಲ್ಲೂ ಬದಲಾಗುತ್ತದೆ. ಯಾರು, ಯಾವತ್ತು, ಏಕೆ ಬದಲಿಸಿದರು ಅನ್ನುವುದೂ ದಾಖಲಾಗುತ್ತದೆ. ಅಲ್ಲಿಯವರೆಗೆ ದಯವಿಟ್ಟು ಆ ಗೋಂದಿನ ಬಾಟಲಿಯ ಮುಚ್ಚಳ ಹಾಕಿಡು.

ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ತಲೆ ಚಿಟ್ಟು ಹಿಡಿದಿರುವ ನಿನ್ನ ಅಕ್ಕ


ಮಾರ್ಚ್ 19

ಅಕ್ಕ,

ಚೀಟಿ ಎಣಿಸಲು ಹೆಡ್ ಆಫೀಸಿನಲ್ಲಿ ಇಷ್ಟು ಪುರುಸೊತ್ತು ಇರುತ್ತದೆ ಅಂತ ಗೊತ್ತಿದ್ದರೆ ನಾನೂ ಅಲ್ಲಿಗೇ ಬರುತ್ತಿದ್ದೆ.

ನಿಮ್ಮ ಪುಸ್ತಕದಲ್ಲಿ "ಹಸಿರು ಗುಂಡಿಯನ್ನು ಒತ್ತಿ" ಅಂತ ಅಚ್ಚಾಗಿದೆ. ನಮ್ಮ ಅಭ್ಯಾಸದ ಯಂತ್ರದಲ್ಲಿ ಹಸಿರು ಗುಂಡಿಯೇ ಇಲ್ಲ, ಇರುವುದೆಲ್ಲ ಕಪ್ಪು. ಮೂರು ಸಲ ಹೆಡ್ ಆಫೀಸಿಗೆ ಬರೆದೆ. "ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು" ಅಂತ ಮೂರು ಸಲವೂ ಒಂದೇ ಉತ್ತರ ಬಂತು. ನನ್ನೆದುರು ಹದಿನಾರು ಜನ ಕೂತಿರುತ್ತಾರೆ. ಮುಂದಿನ ಆವೃತ್ತಿ ಬರುವವರೆಗೆ ಕಾಯಿರಿ ಅನ್ನಲೇ? ಚೀಟಿ ಅಂಟಿಸಿದೆ. ಅಂಟಿಸದೆ ಏನು ಮಾಡಬೇಕಿತ್ತು ನೀನೇ ಹೇಳು.

ನಿನ್ನ ಮೂಲಪ್ರತಿಯ ಸುದ್ದಿ ಒಳ್ಳೆಯದೇ. ನಾನೇನು ಬೇಡ ಅನ್ನುವುದಿಲ್ಲ. ಮೂವತ್ತೇಳು ಚೀಟಿಗಳನ್ನು ಕಿತ್ತು ಎಸೆ, ನನಗೆ ಬೇಜಾರಿಲ್ಲ. ನಲವತ್ತೆರಡನೆಯ ಪುಟದ್ದನ್ನು ಮಾತ್ರ ಮುಟ್ಟಬೇಡ. ಅದು ನನ್ನ ಮಾತಲ್ಲ. ಹಳೆಯ ಯಂತ್ರಗಳ ಪುಸ್ತಕದ ಅದೇ ಪುಟದಲ್ಲಿ ಇರುವ ಸಾಲನ್ನೇ ನಕಲು ಮಾಡಿ ರಿಪೇರಿಯವರ ಪುಸ್ತಕಕ್ಕೆ ಅಂಟಿಸಿದ್ದೇನೆ. ಬೇರೆ ಆರು ಪುಸ್ತಕದಲ್ಲಿ ಅದಿಲ್ಲ, ಇರಬೇಕಾಗಿತ್ತು.

ಈ ಸಲದ ತಂಡದಲ್ಲಿ ನಲವತ್ತು ದಾಟಿದವರೊಬ್ಬರಿದ್ದಾರೆ. ಹದಿನೆಂಟು ವರ್ಷ ಬಸ್ ಓಡಿಸಿ, ಸೊಂಟ ನೋವು ಅಂತ ಬಿಟ್ಟು, ಈಗ ಲಿಫ್ಟ್ ಕಲಿಯಲು ಬಂದಿದ್ದಾರೆ. ಎಲ್ಲರೂ ಡ್ರೈವರಣ್ಣ ಅಂತಲೇ ಕರೆಯುವುದು. "ಮೇಷ್ಟ್ರೇ, ಇದು ಮೇಲೆ ಕೆಳಗೆ ಮಾತ್ರ ಹೋಗುತ್ತಲ್ಲ, ಟ್ರಾಫಿಕ್ ಇಲ್ಲ, ಆರಾಮು" ಅನ್ನುತ್ತಾರೆ. ಪುಸ್ತಕವನ್ನು ಒಂದಕ್ಷರ ಬಿಡದೆ ಓದುತ್ತಾರೆ. ನಿನಗೆ ಇಂಥವರೇ ಬೇಕು.

ಅಪ್ಪ ಇದ್ದಾರೆ.

ತಮ್ಮ


ಏಪ್ರಿಲ್ 2

ತಮ್ಮಾ,

ಮುಗಿಯಿತು! ಹದಿನಾಲ್ಕನೆಯ ಆವೃತ್ತಿ ನಿನ್ನೆ ಅಚ್ಚಿಗೆ ಹೋಯಿತು. ಏಳು ಪುಸ್ತಕ, ಒಂದು ಅಧ್ಯಾಯ, ಹತ್ತು ಹಂತ. ಹಸಿರು ಗುಂಡಿ ಹೋಯಿತು, "ಯಂತ್ರದ ಮೇಲೆ ಸೂಚಿಸಿರುವ ಗುಂಡಿ" ಅಂತ ಹಾಕಿದ್ದೇನೆ. ನೋಡಿದೆಯಾ, ನಿನ್ನ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತೇನೆ.

ನಿನ್ನ ನಲವತ್ತೆರಡನೆಯ ಪುಟದ ಚೀಟಿಯನ್ನೂ ಓದಿದೆ. "ಬ್ರೇಕ್ ಬಿಡುವ ಮುನ್ನ ಕೆಳಗಿನವನನ್ನು ಕೇಳು. ಅವನು ಹೂಂ ಅಂದರೆ ಅದು ಉತ್ತರವಲ್ಲ. ಎಲ್ಲಿ ನಿಂತಿದ್ದೇನೆ, ಕೈ ಎಲ್ಲಿದೆ ಎಂದು ಹೇಳಿದರೆ ಉತ್ತರ. ಹೇಳುವವರೆಗೆ ಕೈ ಕಟ್ಟಿಕೊಂಡು ಕಾಯಿ." ಅಲ್ಲ ಕಣೋ, ಕೈಪಿಡಿಯಲ್ಲಿ ಹೀಗೆ ಯಾರಾದರೂ ಬರೆಯುತ್ತಾರಾ? ಏಕವಚನ ಬೇರೆ! ಯಾರೋ ಜಗಲಿಯ ಮೇಲೆ ಕೂತು ಹೇಳಿದ ಹಾಗಿದೆ. ಉಳಿದ ಆರು ಪುಸ್ತಕದಲ್ಲಿ ಇದೇ ವಿಷಯ ಚಿಕ್ಕದಾಗಿ, ಚೊಕ್ಕವಾಗಿ ಇದೆ: "ಸಹಾಯಕರು ಸಿದ್ಧರಿದ್ದಾರೆಂದು ಖಚಿತಪಡಿಸಿಕೊಳ್ಳಿ." ಅದನ್ನೇ ಇಟ್ಟುಕೊಂಡೆ. ಖಚಿತಪಡಿಸಿಕೊಳ್ಳಿ ಅಂದ ಮೇಲೆ ಎಲ್ಲ ಬಂತು.

ಈಗ ಮುಖ್ಯ ವಿಷಯ. ಚೀಟಿ ಅಂಟಿಸಿರುವ ಹಳೆಯ ಪುಸ್ತಕ ಒಂದೂ ಕೇಂದ್ರದಲ್ಲಿ ಇರಬಾರದು. ಎಲ್ಲವನ್ನೂ ಕಟ್ಟಿ ಕಳಿಸು, ಇಲ್ಲಿ ಚೂರು ಮಾಡಿಸುತ್ತೇನೆ. ಇದು ನಿನ್ನ ಅಕ್ಕನ ಕೋರಿಕೆಯಲ್ಲ, ಕೈಪಿಡಿ ವಿಭಾಗದ ಆದೇಶ. ಹೊಸ ಪುಸ್ತಕಗಳು ಈ ಕಟ್ಟಿನಲ್ಲೇ ಇವೆ. ಒಂದೇ ಒಂದು ಸಲ, ಜೀವನದಲ್ಲಿ ಒಂದು ಸಲ, ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡು.

ಅಕ್ಕ


ಏಪ್ರಿಲ್ 20

ಅಕ್ಕ,

ಆಯಿತು. ಎಲ್ಲ ಕಟ್ಟಿ ಕಳಿಸಿದ್ದೇನೆ. ಚೀಟಿ ಒಂದೂ ಉಳಿದಿಲ್ಲ.

ತಮ್ಮ


ಮೇ 6

ತಮ್ಮಾ,

ಮೂರು ಸಾಲು! ಎರಡು ಪುಟ ತುಂಬಾ ಬರೆದವಳಿಗೆ ಮೂರು ಸಾಲು. ಚಿಕ್ಕಂದಿನಿಂದಲೂ ನೀನು ಹೀಗೇ. ಊಟ ಆಯ್ತಾ ಅಂದರೂ ಹೂಂ, ಹೊಡೀಲಾ ಅಂದರೂ ಹೂಂ.

ಇರಲಿ, ಹೇಳಿದ್ದು ಕೇಳಿದೆಯಲ್ಲ, ಅದಕ್ಕೆ ಸಂತೋಷ. ಬೇರೆ ಕೇಂದ್ರಗಳ ಪಾಡು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ. ಒಂದು ಕೇಂದ್ರದವರು ಹೊಸ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹನ್ನೊಂದನೆಯ ಆವೃತ್ತಿಯ ಜೆರಾಕ್ಸ್ ಹಂಚುತ್ತಿದ್ದಾರೆ. ಕೇಳಿದರೆ, "ಹೊಸದು ಕೊಳೆಯಾಗುತ್ತಲ್ಲಾ ಮೇಡಂ" ಅಂತಾರೆ. ಇನ್ನೊಬ್ಬರು ಏಳು ಪುಸ್ತಕದಿಂದ ತಮಗೆ ಬೇಕಾದ ಹಾಳೆ ಹರಿದು ಎಂಟನೆಯದೊಂದು ಹೊಲಿದುಕೊಂಡಿದ್ದಾರೆ. ಅದಕ್ಕೆ ಕೆಂಪು ರಟ್ಟು ಬೇರೆ ಹಾಕಿ ನನಗೇ ತೋರಿಸಿದರು, ನಾನು ಬೆನ್ನು ತಟ್ಟುತ್ತೇನೆ ಅಂದುಕೊಂಡಿದ್ದರೋ ಏನೋ! ಇನ್ನು ನಮ್ಮ ವಿಭಾಗದ ಮುಖ್ಯಸ್ಥರು. ಮೂಲಪ್ರತಿಯನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿ ನಾಲ್ಕು ಕಡೆ ತಿದ್ದಿ, "ಕೊನೆಯದು" ಅಂತ ಹೆಸರಿಟ್ಟಿದ್ದಾರೆ. ಮಾರನೆಯ ದಿನ "ಕೊನೆಯದು ಹೊಸದು". ಮೊನ್ನೆ "ಇದೇ ಕೊನೆಯದು". ಮೂಲಪ್ರತಿ ಒಂದೇ ಇರಬೇಕು ಸಾರ್ ಅಂದರೆ, "ಒಂದೇ ಇದೆಯಲ್ಲಮ್ಮ, ನನ್ನ ಹತ್ರ" ಅಂತಾರೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ನನ್ನ ಮೇಜಿನ ಮೂರು ಕಡೆಯೂ ಗಾಜು.

ನಿನ್ನ ಕೇಂದ್ರವೊಂದೇ ಈಗ ಅಚ್ಚುಕಟ್ಟು. ಇದನ್ನು ನಾನು ಬರೆಯುವ ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಪ್ಪ ಹೇಗಿದ್ದಾರೆ? "ಇದ್ದಾರೆ" ಅಂತ ಬರೆದರೆ ನೋಡು ಮತ್ತೆ.

ಅಕ್ಕ


ಜೂನ್ 11

ಅಕ್ಕ,

ಡ್ರೈವರಣ್ಣನ ಬಲಗೈ ಹೋಯಿತು. ಪೂರ್ತಿ ಅಲ್ಲ, ಮೂರು ಬೆರಳು. ಈಗಷ್ಟೇ ಆಸ್ಪತ್ರೆಯಿಂದ ಬಂದು ಬರೆಯುತ್ತಿದ್ದೇನೆ.

ಪಾಸಾಗಿ ಮೂರನೆಯ ವಾರ. ಆರು ಮಹಡಿಯ ಕಟ್ಟಡ. ನಾಲ್ಕು ಮತ್ತು ಐದರ ನಡುವೆ ಲಿಫ್ಟ್ ನಿಂತಿದೆ, ಒಳಗೆ ಒಬ್ಬರು ಹೆಂಗಸು, ಉಸಿರು ಕಟ್ಟುತ್ತಿದೆ ಅಂತ ಅಳುತ್ತಿದ್ದಾರೆ. ಬ್ರೇಕ್ ಬಿಟ್ಟು ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರಲು ಡ್ರೈವರಣ್ಣನ ಜೊತೆಗಾರ ಮೇಲೆ ಯಂತ್ರದ ಕೋಣೆಗೆ ಹೋದ. ಅವನೂ ನನ್ನ ಅದೇ ತಂಡದವನು. ಡ್ರೈವರಣ್ಣ ಐದನೆಯ ಮಹಡಿಯ ಬಾಗಿಲ ಹತ್ತಿರ. ಬಾಗಿಲು ಮುಚ್ಚಿರಬೇಕು ಅಂತ ಪುಸ್ತಕದಲ್ಲಿದೆ, ಅವರಿಗೂ ಗೊತ್ತು. ಆದರೆ ಆ ಹೆಂಗಸಿನ ಅಳು ಕೇಳಲಾಗದೆ ಕೀಲಿ ಹಾಕಿ ಒಂದು ಗೇಣು ತೆರೆದು, ಬಗ್ಗಿ, ಲಿಫ್ಟಿನ ಛಾವಣಿಯ ಅಂಚು ಹಿಡಿದುಕೊಂಡು, "ಹೆದರಬೇಡಿ ತಾಯಿ, ನಾನಿದ್ದೇನೆ" ಅನ್ನುತ್ತಿದ್ದರಂತೆ.

ಮೇಲಿನವನು ವಾಕಿಟಾಕಿಯಲ್ಲಿ, "ಅಣ್ಣಾ, ರೆಡೀನಾ?" ಅಂದ. ಇವರು ಹೂಂ ಅಂದರು. ರೆಡಿಯಾಗಿಯೇ ಇದ್ದರು ಪಾಪ, ಕೈ ಎಲ್ಲಿದೆ ಅನ್ನುವುದು ಅವರಿಗೇ ಮರೆತಿತ್ತು. ಮೇಲಿನವನು ಬ್ರೇಕ್ ಬಿಟ್ಟ. ಒಳಗೆ ಭಾರ ಕಡಿಮೆ, ಎದುರು ತೂಕ ಎಳೆದು ಲಿಫ್ಟ್ ಮೇಲಕ್ಕೆದ್ದಿತು, ಬೆರಳುಗಳು ಆ ಅಂಚಿಗೂ ಹೊಸ್ತಿಲಿಗೂ ನಡುವೆ ಸಿಕ್ಕಿದವು.

ಅವನನ್ನು ಕೇಳಿದೆ: ಯಾಕೋ, ಎಲ್ಲಿ ನಿಂತಿದ್ದಾರೆ ಅಂತ ಕೇಳಲಿಲ್ಲವಾ? ಅವನು ಹೇಳಿದ: "ಖಚಿತಪಡಿಸಿಕೊಂಡೆ ಮೇಷ್ಟ್ರೇ. ಪುಸ್ತಕದಲ್ಲಿದ್ದ ಹಾಗೇ ಮಾಡ್ದೆ." ಹೌದು, ಪುಸ್ತಕದಲ್ಲಿದ್ದ ಹಾಗೆಯೇ ಮಾಡಿದ್ದಾನೆ. ಇವರ ಹಿಂದಿನ ಒಂಬತ್ತು ತಂಡಗಳೂ ಚೀಟಿ ಇದ್ದ ಪುಸ್ತಕ ಓದಿ ಹೋಗಿದ್ದವು. ಇವರು ಈ ಅಧ್ಯಾಯಕ್ಕೆ ಬರುವ ಹೊತ್ತಿಗೆ ಹಳೆಯ ಪುಸ್ತಕಗಳು ನಿನ್ನಲ್ಲಿಗೆ ಹೋಗಿದ್ದವು, ಹೊಸ ಪುಸ್ತಕ ಓದಿ ಪರೀಕ್ಷೆ ಬರೆದ ಮೊದಲ ತಂಡ ಇವರದು. ನಾನೂ ಬಾಯಲ್ಲಿ ಹೇಳಬಹುದಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದರೆ ಮತ್ತೆ ನಿನ್ನ ಕಾಗದ ಬರುತ್ತದೆ ಅಂತ ಸುಮ್ಮನಾದೆ.

ಜೀವನದಲ್ಲಿ ಒಂದು ಸಲ ನೀನು ಹೇಳಿದ ಹಾಗೆ ಕೇಳಿದೆ ಅಕ್ಕ.


ಜೂನ್ 15

ತಮ್ಮಾ,

ನಿನ್ನ ಕಾಗದ ಓದಿದೆ. ಡ್ರೈವರಣ್ಣನ ವಿಷಯ ಕೇಳಿ ತುಂಬಾ ನೋವಾಯಿತು. ಆದರೆ ಒಂದು ಮಾತು. ನಾಲ್ಕನೆಯ ಹಂತವನ್ನು ನೋಡು: "ಎಲ್ಲ ಮಹಡಿಗಳ ಬಾಗಿಲು ಮುಚ್ಚಿರಬೇಕು." ಸ್ಪಷ್ಟವಾಗಿ ಇದೆ. ಅದನ್ನು ಪಾಲಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ. ಎಲ್ಲದಕ್ಕೂ ನನ್ನ ಮೇಲೆ ಗೂಬೆ ಕೂರಿಸಬೇಡ. ಒಂದು ಸಾಲಿನಿಂದ ಯಾರ ಕೈಯೂ ಹೋಗುವುದಿಲ್ಲ, ಒಂದು ಸಾಲಿನಿಂದ ಉಳಿಯುವುದೂ ಇಲ್ಲ.

ತನಿಖೆಗೆ ಇಬ್ಬರು ಬರುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳು.

ಅಕ್ಕ


ಜೂನ್ 24

ಅಕ್ಕ,

ತನಿಖೆಯವರು ಬಂದು ಹೋದರು. ಕೇಳಿದ್ದಕ್ಕಷ್ಟೇ ಉತ್ತರ ಹೇಳಿದೆ. "ಹಿಂದೆ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದವರು ನೀವೇನಾ?" ನಾನೇ. "ಅನುಮತಿ ಇತ್ತಾ?" ಇರಲಿಲ್ಲ. ಬರೆದುಕೊಂಡರು. ವರದಿ ಬರುವವರೆಗೆ ಪಾಠ ಮಾಡುವಂತಿಲ್ಲ ಅಂತ ನನ್ನ ಬೋಧಕರ ಬಿಲ್ಲೆ ತೆಗೆದುಕೊಂಡರು. ವರದಿ ಕೆಟ್ಟರೆ ಇನ್ನು ಮೇಲೆ ಯಾವ ಕೇಂದ್ರದಲ್ಲೂ ಕಲಿಸುವ ಹಾಗಿಲ್ಲ. ಈಗ ಬೆಳಿಗ್ಗೆ ಹೋಗುತ್ತೇನೆ, ಖಾಲಿ ಬೆಂಚುಗಳನ್ನು ನೋಡುತ್ತೇನೆ, ಸಂಜೆ ಬರುತ್ತೇನೆ. ನನಗೆ ಬರುವುದು ಇದೊಂದೇ ಕೆಲಸ, ನಿನಗೂ ಗೊತ್ತು.

ಅದನ್ನು ಬಿಡು. ನಾನು ಬರೆಯಲು ಕೂತದ್ದು ಬೇರೆಗೆ. ನಲವತ್ತೆರಡನೆಯ ಪುಟದ ಸಾಲು ಯಾರದು ಅಂತ ನೀನು ಕೇಳಲೇ ಇಲ್ಲ. ನಾನೂ ಹೇಳಲಿಲ್ಲ, ನನಗೂ ಅರ್ಧ ಮಾತ್ರ ಗೊತ್ತಿತ್ತು. ಮೊನ್ನೆ ಅಪ್ಪ ಪೂರ್ತಿ ಹೇಳಿದರು.

ನಾವು ಚಿಕ್ಕವರಿದ್ದಾಗ ಮನೆಗೆ ಬರುತ್ತಿದ್ದ ಎಡಚ ಮಾಮ ನೆನಪಿದ್ದಾರಾ? ಬಲಗೈಯನ್ನು ಯಾವಾಗಲೂ ಜೇಬಿನಲ್ಲಿಟ್ಟುಕೊಂಡು, ಎಡಗೈಯಲ್ಲಿ ನಿನಗೆ ಆನೆ, ನನಗೆ ರೈಲು ಬರೆದುಕೊಡುತ್ತಿದ್ದರಲ್ಲ? ಅವರು ಎಡಚರಲ್ಲ ಅಕ್ಕ. ಅಪ್ಪ ಇದೇ ಕಂಪನಿಯಲ್ಲಿ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕೆಳಗೆ, ಅಪ್ಪ ಮೇಲೆ. ಅಪ್ಪ ಕೂಗಿ ಕೇಳಿದರು, ಮಾಮ ಹೂಂ ಅಂದರು, ಅಪ್ಪ ಬ್ರೇಕ್ ಬಿಟ್ಟರು. ಆಮೇಲೆ ಕಂಪನಿಯವರು ಹಳೆಯ ಯಂತ್ರಗಳಿಗೆ ಮೊದಲ ಪುಸ್ತಕ ಮಾಡುವಾಗ ಅಪ್ಪನನ್ನು ಕೇಳಿದರಂತೆ. ಅಪ್ಪ ಬಾಯಲ್ಲಿ ಹೇಳಿದರು, ಮಾಮ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಬರೆದರು. ಅದಕ್ಕೇ ಅದು ಜಗಲಿಯ ಮೇಲೆ ಕೂತು ಹೇಳಿದ ಹಾಗಿದೆ. ಜಗಲಿಯ ಮೇಲೆಯೇ ಕೂತಿದ್ದರಂತೆ.

ಆ ಸಾಲು ಪುಸ್ತಕದಲ್ಲಿ ಈಗಿಲ್ಲ ಅಂತ ಅಪ್ಪನಿಗೆ ಹೇಳಬೇಕಾಯಿತು. ಬೈಯುತ್ತಾರೆ ಅಂದುಕೊಂಡೆ. "ಯಾರು ತೆಗೆದದ್ದು?" ಅಂತಷ್ಟೇ ಕೇಳಿದರು.

ಯಾರೋ ಹೆಡ್ ಆಫೀಸಿನವರು ಅಂದೆ.

ತಮ್ಮ


ಜುಲೈ 8

ತಮ್ಮಾ,

ಎರಡು ವಾರ ಈ ಕಾಗದವನ್ನು ಬರೆದು ಹರಿದು ಮಾಡಿದೆ. ಜೂನ್ ಹದಿನೈದರ ನನ್ನ ಕಾಗದ ಇನ್ನೂ ನಿನ್ನ ಹತ್ತಿರ ಇದ್ದರೆ ಹರಿದು ಬಿಸಾಡು. ಬೇಡ, ಇಟ್ಟುಕೋ. ನಾನು ಅದನ್ನೂ ಬರೆದವಳೇ.

ಹೋದ ವಾರ ಮುಖ್ಯಸ್ಥರು ಕೋಣೆಗೆ ಕರೆದರು. ವರದಿಯ ಕರಡು ಸಿದ್ಧವಾಗಿತ್ತು. "ಕೇಂದ್ರದಲ್ಲಿ ಅನುಮತಿಯಿಲ್ಲದ ಚೀಟಿಗಳಿಂದ ಉಂಟಾದ ಗೊಂದಲ" ಅಂತ ಕಾರಣ. ಅದೆಲ್ಲ ನಿನ್ನ ತಲೆಗೆ. ಸಾರ್, ಇವರಿಬ್ಬರ ಪುಸ್ತಕದಲ್ಲಿ ಚೀಟಿಯೇ ಇರಲಿಲ್ಲ, ಇದ್ದಿದ್ದರೆ ಕೈ ಉಳಿಯುತ್ತಿತ್ತು ಅಂದೆ. ಅವರು ಬಾಗಿಲು ಮುಚ್ಚಿ ಬಂದು ಮೆಲ್ಲಗೆ ಹೇಳಿದರು: "ನೋಡಮ್ಮ, ಮುಂದಿನ ಸೋಮವಾರ ಎಲ್ಲ ಕೈಪಿಡಿಗಳನ್ನು ಹೊಸ ವ್ಯವಸ್ಥೆಗೆ ಹಾಕ್ತೀವಿ. ಪುಟಗಳು ಮಾತ್ರ ಬರುತ್ತವೆ. ಹಳೇ ಬದಲಾವಣೆಗಳ ಪಟ್ಟಿ ಬರಲ್ಲ, ತಾನಾಗೇ ಹೋಗುತ್ತೆ. ನೀನೇನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು."

ಸುಳ್ಳೇಕೆ ಹೇಳಲಿ, ಒಂದು ಇಡೀ ದಿನ ಸುಮ್ಮನಿದ್ದೆ. ಆ ಪಟ್ಟಿ ಇರಲೇಬೇಕು ಅಂತ ಮೂರು ವರ್ಷ ಇದೇ ಆಫೀಸಿನಲ್ಲಿ ಕಿರುಚಾಡಿದವಳು ನಾನು. ಈಗ ಅದು ಅಳಿಸಿಹೋದರೆ ಸಾಕಪ್ಪಾ ಅಂತ ಕೂತಿದ್ದೆ. ಮಾರನೆಯ ಬೆಳಿಗ್ಗೆ ತೆರೆದು ನೋಡಿದೆ. ಪುಟ: ನಲವತ್ತೆರಡು. ತೆಗೆದದ್ದು: ನಾಲ್ಕು ವಾಕ್ಯ. ತೆಗೆದವರ ಹೆಸರಿನ ಮುಂದೆ ನನ್ನ ಹೆಸರು. ಕಾರಣದ ಅಂಕಣದಲ್ಲಿ ಒಂದೇ ಪದ: ಅನಗತ್ಯ.

ಎಡಚ ಮಾಮ ಬರೆದುಕೊಟ್ಟ ಆನೆಯ ಸೊಂಡಿಲು ಯಾವಾಗಲೂ ಸೊಟ್ಟಗಿರುತ್ತಿತ್ತು. ಸರಿಯಾಗಿ ಬರೀರಿ ಮಾಮ ಅಂತ ನಾನು ಪೀಡಿಸುತ್ತಿದ್ದೆ, ಅವರು ನಗುತ್ತಿದ್ದರು. ಅದನ್ನು ನೆನೆದು ಆಫೀಸಿನಲ್ಲೇ ಅತ್ತುಬಿಟ್ಟೆ. ಗಾಜಿನ ಗೋಡೆ, ಎಲ್ಲರೂ ನೋಡಿದರು, ನೋಡಲಿ.

ಪಟ್ಟಿಯ ನಾಲ್ಕು ಹಾಳೆಯನ್ನೂ ಅಚ್ಚು ತೆಗೆದು, ಸಹಿ ಹಾಕಿ, ತನಿಖೆಯವರ ಕೈಗೇ ಕೊಟ್ಟು ಬಂದೆ. ನಿನ್ನ ಮಾರ್ಚ್ ಹತ್ತೊಂಬತ್ತರ ಕಾಗದವನ್ನೂ ಜೊತೆಗಿಟ್ಟೆ. "ಮುಟ್ಟಬೇಡ" ಅಂತ ನೀನು ಬರೆದದ್ದಕ್ಕೆ ಅಡಿಗೆರೆ ಹಾಕಿ ಕೊಟ್ಟೆ. ನಿನ್ನ ಬಿಲ್ಲೆ ಈ ಕಟ್ಟಿನಲ್ಲಿದೆ, ಎತ್ತಿಕೋ. ನನ್ನನ್ನು ಕೈಪಿಡಿ ವಿಭಾಗದಿಂದ ತೆಗೆದು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದ್ದಾರೆ. ಡ್ರೈವರಣ್ಣನನ್ನು ಮೊನ್ನೆ ನೋಡಿ ಬಂದೆ. ನಾನು ಯಾರು ಅಂತ ಹೇಳಿದೆ. "ನಿಮ್ಮ ಪುಸ್ತಕ ನಾನು ಪೂರ್ತಿ ಓದಿದ್ದೆನಮ್ಮಾ" ಅಂದರು.

ಉಗ್ರಾಣಕ್ಕೆ ಹೋಗುವ ಮೊದಲು ಒಂದು ಕೆಲಸ ಮುಗಿಸಿದೆ. ಹದಿನೈದನೆಯ ಆವೃತ್ತಿ. ಅಪ್ಪನ ಸಾಲುಗಳು ಈಗ ಏಳು ಪುಸ್ತಕದಲ್ಲೂ ಇವೆ, ಒಂದಕ್ಷರ ತಿದ್ದಿಲ್ಲ, ಏಕವಚನವನ್ನೂ ಮುಟ್ಟಿಲ್ಲ. ಕಾರಣದ ಅಂಕಣದಲ್ಲಿ ಏನು ಬರೆದಿದ್ದೇನೆ ಅಂತ ಹಾಳೆ ಇಟ್ಟಿದ್ದೇನೆ. ಅಪ್ಪನಿಗೆ ಅದನ್ನು ಓದಿ ಹೇಳು. ಯಾರೋ ಹೆಡ್ ಆಫೀಸಿನವರಲ್ಲ, ನಾನೇ ತೆಗೆದದ್ದು ಅಂತಲೂ ಹೇಳು.

ಇಷ್ಟೆಲ್ಲ ಓದಿ "ಆಯಿತು" ಅಂತ ಒಂದು ಸಾಲು ಬರೆಯಬೇಡ ಕಣೋ. ನೀನು ಎಲ್ಲಿದ್ದೀಯ, ನನ್ನ ಜೊತೆ ಇದ್ದೀಯೋ ಇಲ್ಲವೋ, ಗೊತ್ತಾಗುವ ಹಾಗೆ ಬರೆ.

ಅಕ್ಕ


ಜುಲೈ 20

ಅಕ್ಕ,

ಕಟ್ಟು ಬಂತು. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ನೀನೇ ತೆಗೆದದ್ದು ಅಂದಾಗ ತಲೆ ಬಗ್ಗಿಸಿ ಕೂತರು. ಕಾರಣದ ಅಂಕಣವನ್ನು ಎರಡು ಸಲ ಓದಿಸಿಕೊಂಡರು: "ತಿಳಿಯದೆ ತೆಗೆದಿದ್ದೆ. ಇದನ್ನು ಬರೆದವರು ಇಬ್ಬರು, ಒಬ್ಬರು ನನ್ನ ಅಪ್ಪ. ಇದಿಲ್ಲದೆ ಒಬ್ಬರ ಬೆರಳು ಹೋಯಿತು. ಮತ್ತೆ ತೆಗೆಯಬಾರದು." ಆಮೇಲೆ, "ಅವಳನ್ನು ಒಂದ್ಸಲ ಬಂದು ಹೋಗು ಅನ್ನು" ಅಂದರು. ಭಾನುವಾರ ಬಾ.

ಇವತ್ತಿನಿಂದ ಹೊಸ ತಂಡ. ಇನ್ನೈದು ನಿಮಿಷಕ್ಕೆ ಒಳಗೆ ಬರುತ್ತಾರೆ. ನೀನು ಕೇಳಿದ್ದಕ್ಕೆ ಉತ್ತರ:

ಮೂರನೆಯ ಮಹಡಿ, ತರಬೇತಿ ಕೋಣೆ, ಕಪ್ಪುಹಲಗೆಯ ಎಡಗಡೆ ನಿಂತಿದ್ದೇನೆ. ಮೇಜಿನ ಮೇಲೆ ಹದಿನೈದನೆಯ ಆವೃತ್ತಿ, ಚೀಟಿ ಇಲ್ಲ. ಬಾಗಿಲು ಮುಚ್ಚಿದೆ. ಬಲಗೈಯಲ್ಲಿ ಪೆನ್ನಿದೆ, ಎಡಗೈ ಈ ಕಾಗದದ ಮೇಲಿದೆ.

ಇನ್ನು ಬ್ರೇಕ್ ಬಿಡು ಅಕ್ಕ.

ನಿನ್ನ ತಮ್ಮ